ದೋಣಿಯಿಂದ ಏರ್ ಶೋ ನೋಡುವುದಾದರೆ: ಸಹೋದ್ಯೋಗಿಗಳ ಗುಂಪಿಗೆ ಯಾವ ದೋಣಿ, ಯಾವ ಜಾಗ?

ನೀರಿನ ಮೇಲೆ ನಡೆಯುವ ವೈಮಾನಿಕ ಪ್ರದರ್ಶನವನ್ನು ದೋಣಿಯಲ್ಲಿ ಕುಳಿತು ನೋಡೋಣವೆಂಬ ಮಾತು ಕಚೇರಿಯಲ್ಲಿ ಹುಟ್ಟಿದ ಕೂಡಲೇ ಚರ್ಚೆಯೆಲ್ಲ ಬಾಡಿಗೆಯ ಕಡೆಗೆ ಹೊರಳುತ್ತದೆ. ಎಷ್ಟು ಜನ ಬರುತ್ತಾರೆ, ತಲೆಗೆಷ್ಟು ಬೀಳುತ್ತದೆ, ಮೇಲೆ ನೆರಳಿದೆಯೇ, ಊಟದ ವ್ಯವಸ್ಥೆ ಯಾರದು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಎರಡು ಪ್ರಶ್ನೆಗಳು ಮಾತ್ರ ಬಹುತೇಕ ಗುಂಪುಗಳಲ್ಲಿ ಏಳುವುದೇ ಇಲ್ಲ. ವಿಮಾನಗಳು ಹಾರುವ ಹೊತ್ತಿನಲ್ಲಿ ಈ ದೋಣಿಯನ್ನು ಎಲ್ಲಿ ನಿಲ್ಲಲು ಬಿಡುತ್ತಾರೆ ಎಂಬುದು ಮೊದಲನೆಯದು. ಗುಂಪಿನ ಒಬ್ಬರಿಗೆ ನಡುವೆ ದಡಕ್ಕೆ ಮರಳಬೇಕಾಗಿ ಬಂದರೆ ಏನು ಗತಿ ಎಂಬುದು ಎರಡನೆಯದು. ಈ ಎರಡಕ್ಕೆ ಉತ್ತರ ಸಿಕ್ಕಿತೆಂದರೆ ದೋಣಿಯ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆಯೇ.

ಜಾಗ ಮೊದಲು, ದೋಣಿ ಆಮೇಲೆ

ಏರ್ ಶೋ ಎಂಬುದು ಎಲ್ಲ ದಿಕ್ಕಿನಿಂದಲೂ ಒಂದೇ ಬಗೆಯಾಗಿ ಕಾಣುವ ಆಟವಲ್ಲ. ಪ್ರೇಕ್ಷಕರ ಮುಂದೆ ಒಂದು ಕಾಲ್ಪನಿಕ ರೇಖೆಯನ್ನು ಎಳೆದು, ಅದರ ನಡುಬಿಂದುವಿಗೆ ಎದುರಾಗಿ ನಿಂತವರ ಕಣ್ಣಿಗೆ ಹೊಂದುವಂತೆ ಪ್ರತಿಯೊಂದು ಕಸರತ್ತನ್ನೂ ಹೆಣೆದಿರುತ್ತಾರೆ. ಆ ರೇಖೆ ಪ್ರೇಕ್ಷಕರಿಂದ ಎಷ್ಟು ದೂರವಿರಬೇಕೆಂಬುದಕ್ಕೂ ನಿಯಮವಿದೆ. ಅಮೆರಿಕದಲ್ಲಿ 245 ನಾಟ್ (ಗಂಟೆಗೆ ಸುಮಾರು 450 ಕಿಲೋಮೀಟರ್) ಮೀರಿದ ವೇಗದಲ್ಲಿ ಕಸರತ್ತು ಮಾಡುವ ವಿಮಾನಗಳು ಪ್ರೇಕ್ಷಕರಿಂದ ಕನಿಷ್ಠ 1,500 ಅಡಿ ಆಚೆಗಿರಬೇಕು, ನಿಧಾನಗತಿಯ ಪುಟ್ಟ ವಿಮಾನಗಳಿಗೆ ಈ ಅಂತರ 500 ಅಡಿಯವರೆಗೆ ಇಳಿಯುತ್ತದೆ. ರೇಖೆಯ ಸುತ್ತಲಿನ ನೀರಿನಲ್ಲಿ ಒಂದು ದೊಡ್ಡ ಆಯತಾಕಾರದ ಭಾಗವನ್ನು ಪೂರ್ತಿ ಖಾಲಿ ಮಾಡಿಸಿ, ಅದರ ಅಂಚಿನಲ್ಲಿ ತೇಲುಗುರುತುಗಳನ್ನೋ ಗಸ್ತು ದೋಣಿಗಳನ್ನೋ ನಿಲ್ಲಿಸುತ್ತಾರೆ. ಒಂದೇ ಒಂದು ದೋಣಿ ತಿಳಿಯದೆ ಅದರೊಳಗೆ ನುಸುಳಿದರೂ ಅದನ್ನು ಹೊರಹಾಕುವವರೆಗೆ ಹಾರಾಟ ನಿಲ್ಲುತ್ತದೆ. ದಂಡೆಯಲ್ಲಿ ನೆರೆದ ಸಾವಿರಾರು ಜನರ ಶಾಪ ಆ ದೋಣಿಗೆ ತಟ್ಟುತ್ತದೆ.

ಹೀಗಾಗಿ ದೋಣಿಗಳಿಗೆ ಉಳಿಯುವುದು ಆ ಆಯತದ ಎರಡು ಪಕ್ಕಗಳು ಮತ್ತು ದಂಡೆಗೆ ಎದುರಾದ ಹೊರಬದಿ ಮಾತ್ರ. ದೋಣಿಯಲ್ಲಿ ಹೋದರೆ ವಿಮಾನಗಳಿಗೆ ತೀರ ಹತ್ತಿರವಾಗುತ್ತೇವೆಂಬ ನಂಬಿಕೆ ಇಲ್ಲಿಯೇ ಸಡಿಲಗೊಳ್ಳುತ್ತದೆ, ಏಕೆಂದರೆ ಅನೇಕ ಸಲ ದೋಣಿಯವರು ದಂಡೆಯವರಿಗಿಂತ ದೂರದಲ್ಲಿರುತ್ತಾರೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ಒಂದು ಕಿಲೋಮೀಟರ್ ಆಚೆ ಹಾರಿಹೋದ ಜೆಟ್‌ನ ಗರ್ಜನೆ ಕಿವಿಗೆ ಬೀಳುವುದು ಮೂರು ಸೆಕೆಂಡು ತಡವಾಗಿ. ಅಷ್ಟರಲ್ಲಿ ವಿಮಾನ ಬೇರೆಲ್ಲೋ ಇರುತ್ತದೆ. ಇದಲ್ಲದೆ ಪ್ರದರ್ಶನದ ವೀಕ್ಷಕ ವಿವರಣೆಯ ಧ್ವನಿವರ್ಧಕಗಳೆಲ್ಲ ದಂಡೆಯ ಕಡೆಗೇ ಮುಖ ಮಾಡಿರುವುದರಿಂದ, ಈಗ ಹಾರುತ್ತಿರುವುದು ಯಾವ ವಿಮಾನ, ಚಾಲಕರು ಮಾಡುತ್ತಿರುವುದೇನು ಎಂಬುದು ದೋಣಿಯವರಿಗೆ ಕೇಳಿಸುವುದಿಲ್ಲ. ವಿವರಣೆಯನ್ನು ರೇಡಿಯೊದಲ್ಲಿ ಪ್ರಸಾರ ಮಾಡುವ ಪ್ರದರ್ಶನವಾದರೆ ಒಂದು ಪುಟ್ಟ ರೇಡಿಯೊ ಒಯ್ಯುವುದು ಒಳ್ಳೆಯದು. ಇಲ್ಲವಾದರೆ ವಿಮಾನಗಳ ಬಗೆಗೆ ಸ್ವಲ್ಪ ಓದಿಕೊಂಡ ಒಬ್ಬ ಸಹೋದ್ಯೋಗಿ ಇದ್ದರೂ ಸಾಕು. ಅಂಥವರೊಬ್ಬರು ಪ್ರತಿ ಕಚೇರಿಯಲ್ಲಿಯೂ ಇರುತ್ತಾರೆ. ವರ್ಷವಿಡೀ ಯಾರೂ ಕೇಳದ ಅವರ ಮಾತಿಗೆ ಅಂದು ಬೆಲೆ ಬರುತ್ತದೆ.

ಪಕ್ಕ ಮತ್ತು ಹೊರಬದಿ ಎರಡರಲ್ಲಿ ಆಯ್ದುಕೊಳ್ಳಲು ಅವಕಾಶವಿದ್ದರೆ ನಾನು ಪಕ್ಕವನ್ನೇ ಆರಿಸುತ್ತೇನೆ. ಇಬ್ಬರು ಚಾಲಕರು ಎದುರುಬದುರಾಗಿ ನುಗ್ಗಿ ಬಂದು ಡಿಕ್ಕಿಯಾದಂತೆ ಕಾಣಿಸುವ ಪ್ರಸಿದ್ಧ ಕಸರತ್ತು ನಡುಬಿಂದುವಿನಲ್ಲಿ ನಿಂತವರ ಎದೆಯನ್ನು ಝಲ್ಲೆನ್ನಿಸುತ್ತದೆ. ಪಕ್ಕದಿಂದ ನೋಡಿದವರಿಗೆ ಆ ಎರಡು ವಿಮಾನಗಳ ನಡುವೆ ಇರುವ ಅಂತರ ಸ್ಪಷ್ಟವಾಗಿ ಕಂಡು, ಮಾಯೆ ಕರಗುತ್ತದೆ. ಇದು ನಷ್ಟವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಒಂದು ಸುತ್ತು ಮುಗಿಸಿದ ವಿಮಾನಗಳು ತಿರುವು ತೆಗೆದುಕೊಂಡು ಮತ್ತೆ ಜೋಡಣೆಗೆ ಸೇರಿಕೊಳ್ಳುವ ಕೆಲಸ ನಡೆಯುವುದು ಈ ಪಕ್ಕಗಳಲ್ಲಿಯೇ. ಒಂಬತ್ತು ವಿಮಾನಗಳು ಚದುರಿ, ಕೆಲವೇ ಕ್ಷಣಗಳಲ್ಲಿ ಒಂದರ ರೆಕ್ಕೆಯ ಬಳಿ ಮತ್ತೊಂದು ಬಂದು ನಿಲ್ಲುವ ಪರಿಯನ್ನು ದಂಡೆಯ ಪ್ರೇಕ್ಷಕರು ನೋಡುವುದು ಅಪರೂಪ. ಭಾರತೀಯ ವಾಯುಪಡೆಯ ಬೀದರ್ ನೆಲೆಯ ಸೂರ್ಯಕಿರಣ ತಂಡವಾಗಲಿ ಬ್ರಿಟನ್ನಿನ ವಾಯುಪಡೆಯ ರೆಡ್ ಆ್ಯರೋಸ್ ಆಗಲಿ, ಒಂಬತ್ತು ಹಾಕ್ ಜೆಟ್ ವಿಮಾನಗಳ ತಂಡಗಳ ಕಸುಬು ನನಗೆ ಅರ್ಥವಾಗುವುದು ಈ ಜೋಡಣೆಯ ಕ್ಷಣಗಳಲ್ಲಿ. ಒಮ್ಮೆಯಾದರೂ ದಂಡೆಯಿಂದ ನೋಡಿದವರ ಗುಂಪಿಗೆ ಪಕ್ಕದ ಜಾಗ ಒಪ್ಪುತ್ತದೆ. ಎಲ್ಲರಿಗೂ ಅದೇ ಮೊದಲ ಏರ್ ಶೋ ಎಂದಾದರೆ ದೋಣಿಯ ಯೋಚನೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದು ವಾಸಿ.

ಜಾಗದ ಲೆಕ್ಕದಲ್ಲಿ ಸೂರ್ಯನನ್ನು ಮರೆಯಬಾರದು. ಷಿಕಾಗೋ ನಗರದ ಪ್ರದರ್ಶನ 1959ರಲ್ಲಿ ಆರಂಭವಾಯಿತು. ಅಲ್ಲಿ ಮಿಷಿಗನ್ ಸರೋವರದ ದಂಡೆ ಪೂರ್ವಕ್ಕೆ ಮುಖ ಮಾಡಿದೆ. ಮಧ್ಯಾಹ್ನ ಇಳಿದಂತೆ ದಂಡೆಯವರಿಗೆ ಬಿಸಿಲು ಬೆನ್ನ ಹಿಂದಿರುತ್ತದೆ, ವಿಮಾನದ ಬಣ್ಣಗಳೆಲ್ಲ ಎದ್ದು ಕಾಣುತ್ತವೆ. ಅದೇ ಹೊತ್ತಿಗೆ ಸರೋವರದ ಹೊರಬದಿಯಲ್ಲಿ ನಿಂತ ದೋಣಿಯವರು ಪಶ್ಚಿಮಕ್ಕೆ ಮುಖ ಮಾಡಿ, ಬಾನಿನ ಬಿಸಿಲಿನ ಜೊತೆಗೆ ನೀರಿನ ಹೊಳಪನ್ನೂ ಸಹಿಸಿಕೊಂಡು ಬರೀ ಕಪ್ಪು ನೆರಳುಗಳನ್ನು ನೋಡಬೇಕಾಗುತ್ತದೆ. ಪ್ರದರ್ಶನ ಎಲ್ಲಿಯೇ ನಡೆಯಲಿ, ನಕ್ಷೆಯ ಮೇಲೆ ದಂಡೆಯ ದಿಕ್ಕನ್ನೂ ಮುಖ್ಯ ತಂಡ ಹಾರುವ ಗಂಟೆಯನ್ನೂ ಹೊಂದಿಸಿ ನೋಡಿದರೆ ಐದು ನಿಮಿಷದಲ್ಲಿ ಇದು ತಿಳಿಯುತ್ತದೆ. ದೋಣಿಯ ಮಾಲೀಕರು ತಾವಾಗಿ ಇದನ್ನು ಹೇಳುವುದು ಕಡಿಮೆ.

ಆಯ್ಕೆಗಳನ್ನು ಎದುರಿಟ್ಟು ನೋಡಿದಾಗ

ಟಿಕೆಟ್ ಕೊಟ್ಟು ಹತ್ತುವ ದೊಡ್ಡ ವಿಹಾರ ನೌಕೆ ಇಪ್ಪತ್ತೈದು, ಮೂವತ್ತು ಜನರ ಗುಂಪಿಗೆ ಸರಿಯಾದ ಆಯ್ಕೆ. ಅದು ಅಲೆಗೆ ಅಷ್ಟಾಗಿ ಹೊಯ್ದಾಡುವುದಿಲ್ಲ. ಶೌಚಾಲಯ, ನೆರಳು, ಕೂರಲು ಬೆಂಚು ಎಲ್ಲವೂ ಇರುತ್ತವೆ. ಈಜು ಬಾರದವರು, ವಯಸ್ಸಾದವರು, ಮೊದಲ ಬಾರಿಗೆ ನೀರಿಗಿಳಿಯುವವರು ಹೆದರಬೇಕಾಗಿಲ್ಲ. ಆದರೆ ಅಲ್ಲಿ ನಿಮ್ಮ ಗುಂಪು ನೂರಾರು ಅಪರಿಚಿತರ ನಡುವೆ ಚದುರಿಹೋಗುತ್ತದೆ, ಕಟಾಂಜನದ ಬಳಿ ಮುಂದಿನ ಸಾಲು ಮೊದಲು ಹತ್ತಿದವರ ಪಾಲಾಗುತ್ತದೆ. ಆಳ ಸಾಲದ ಕಡೆಗೆ ದೊಡ್ಡ ನೌಕೆ ಹೋಗಲಾರದಾದ್ದರಿಂದ ಜಾಗದ ಆಯ್ಕೆಯೂ ಕಿರಿದಾಗುತ್ತದೆ. ಕಾಯ್ದಿರಿಸುವಾಗ ಮೇಲಿನ ಡೆಕ್ಕಿಗೆ ಎಷ್ಟು ಮಂದಿಯನ್ನು ಬಿಡುತ್ತಾರೆಂದು ಕೇಳಿಕೊಳ್ಳಬೇಕು. ಕೆಳಗಿನ ಡೆಕ್ಕಿನಲ್ಲಿ ಕುಳಿತವರಿಗೆ ಏರ್ ಶೋ ಎಂದರೆ ಮೇಲಿನವರ ಕಾಲ ಸಪ್ಪಳವಷ್ಟೇ.

ದೊಡ್ಡ ನೌಕೆ ತಾನಾಗಿಯೇ ಸುರಕ್ಷಿತ ಎಂಬ ಭಾವನೆಗೆ ಒಂದು ಹಳೆಯ ದುರಂತ ಎಚ್ಚರಿಕೆಯಾಗಿ ನಿಂತಿದೆ. 1915ರ ಜುಲೈ 24ರಂದು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ನೌಕರರೂ ಅವರ ಕುಟುಂಬದವರೂ ವಾರ್ಷಿಕ ವಿಹಾರಕ್ಕೆಂದು ಹತ್ತಿದ್ದ ಈಸ್ಟ್‌ಲ್ಯಾಂಡ್ ಎಂಬ ಹಡಗು, ಇನ್ನೂ ಕಟ್ಟೆಯನ್ನು ಬಿಡುವ ಮೊದಲೇ ಷಿಕಾಗೋ ನದಿಯಲ್ಲಿ ಮಗ್ಗುಲಾಗಿ ಉರುಳಿ 844 ಜನ ಸತ್ತರು. ಮೊದಲೇ ಮೇಲ್ಭಾರದ ದೋಷವಿದ್ದ ಆ ಹಡಗಿನ ಮೇಲೆ, ಟೈಟಾನಿಕ್ ಮುಳುಗಿದ ನಂತರ ಬಂದ ನಿಯಮಗಳ ಕಾರಣದಿಂದ ಇನ್ನಷ್ಟು ಜೀವರಕ್ಷಕ ದೋಣಿಗಳನ್ನು ಏರಿಸಿದ್ದರೆಂಬುದು ಆ ಕಥೆಯ ಕ್ರೂರ ವ್ಯಂಗ್ಯ. ಇಂದಿನ ನೌಕೆಗಳ ಸ್ಥಿರತೆಯನ್ನು ಪರೀಕ್ಷೆ ಮಾಡಿಯೇ ಪರವಾನಗಿ ಕೊಡುತ್ತಾರಾದರೂ, ಏರ್ ಶೋ ವೇಳೆಯಲ್ಲಿ ಒಂದು ವಿಶೇಷ ಅಪಾಯವಿದೆ: ಜೆಟ್ ಬಲದಿಂದ ಬಂದರೆ ಎಲ್ಲರೂ ಒಮ್ಮೆಗೇ ಬಲಕ್ಕೆ, ಎಡದಿಂದ ಬಂದರೆ ಎಲ್ಲರೂ ಎಡಕ್ಕೆ ಓಡುತ್ತಾರೆ, ಅದೂ ಮೇಲಿನ ಡೆಕ್ಕಿನಲ್ಲಿ. ದೋಣಿ ಚಿಕ್ಕದಾದಷ್ಟೂ ಈ ಓಟ ಹೆಚ್ಚು ಅಪಾಯಕಾರಿ. ಆದ್ದರಿಂದ ಯಾವ ದೋಣಿಯಾದರೂ ಅನುಮತಿಸಿದ ಜನಸಂಖ್ಯೆಯ ಫಲಕವನ್ನು ಓದಿ, ಅದಕ್ಕಿಂತ ಇಬ್ಬರು ಮೂವರು ಕಡಿಮೆಯೇ ಹತ್ತುವುದು ಲೇಸು.

ನುರಿತ ಚಾಲಕರೊಡನೆ ಬಾಡಿಗೆಗೆ ಸಿಗುವ ಮೋಟಾರು ದೋಣಿ ಎಂಟರಿಂದ ಹನ್ನೆರಡು ಜನರ ಗುಂಪಿಗೆ ನನ್ನ ಮೊದಲ ಆಯ್ಕೆ. ಇಲ್ಲಿ ಹನ್ನೆರಡೆಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಸಮುದ್ರಯಾನದ ಸುರಕ್ಷತೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ಹಡಗನ್ನಷ್ಟೇ ಪ್ರಯಾಣಿಕ ಹಡಗೆಂದು ಪರಿಗಣಿಸುತ್ತಾರೆ; ಅನೇಕ ದೇಶಗಳ ಬಾಡಿಗೆ ದೋಣಿಗಳ ಪರವಾನಗಿಯೂ ಇದೇ ಸಂಖ್ಯೆಯ ಸುತ್ತ ಸುಳಿಯುತ್ತದೆ. ಕೊನೆಯ ಗಳಿಗೆಯಲ್ಲಿ ಹದಿಮೂರನೆಯವರು ಬರುತ್ತೇನೆಂದರೆ ಚಾಲಕರು ಒಪ್ಪದಿರುವುದು ಹಟಮಾರಿತನವಲ್ಲ. ಇಂಥ ದೋಣಿಯ ದೊಡ್ಡ ಗುಣವೆಂದರೆ ನೋಟಕ್ಕೂ ಗಾಳಿಗೂ ತಕ್ಕಂತೆ ಜಾಗವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ, ಮತ್ತು ಆ ನೀರನ್ನು ಬಲ್ಲವರೊಬ್ಬರು ಚುಕ್ಕಾಣಿ ಹಿಡಿದಿರುತ್ತಾರೆಂಬ ನೆಮ್ಮದಿ. ಆದರೆ ಬಿಸಿಲಿಗೆಂದು ಹಾಕಿದ ಗಟ್ಟಿ ಚಾವಣಿ ಆಕಾಶವನ್ನು ಪೂರ್ತಿ ಮುಚ್ಚುತ್ತದೆಂಬುದನ್ನು ಹತ್ತಿದ ಮೇಲೆ ಅರಿತವರು ಬಹಳ. ಮಡಚಿ ತೆಗೆಯಬಹುದಾದ ಬಟ್ಟೆಯ ಚಾವಣಿ ಇರುವ, ಮುಂಭಾಗದಲ್ಲಿ ಕೂರಲು ಅಗಲವಾದ ಜಾಗವಿರುವ ದೋಣಿಯನ್ನು ಹುಡುಕಬೇಕು. ಅರ್ಧ ನೆರಳು, ಅರ್ಧ ಬಯಲು ಇರುವುದು ಇನ್ನೂ ಉತ್ತಮ, ಏಕೆಂದರೆ ಒಂದೇ ಗುಂಪಿನಲ್ಲಿ ನಾಲ್ಕು ಗಂಟೆ ಬಿಸಿಲು ಕಾಯುವವರೂ ಹತ್ತು ನಿಮಿಷಕ್ಕೆ ಸೋಲುವವರೂ ಇರುತ್ತಾರೆ.

ಹಾಯಿದೋಣಿ ಚಿತ್ರದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಅದರ ಕೂವೆಮರ ಮತ್ತು ಎಲ್ಲ ದಿಕ್ಕಿಗೂ ಬಿಗಿದ ಹಗ್ಗ, ತಂತಿಗಳು ನೋಟವನ್ನು ತುಂಡುತುಂಡಾಗಿಸುತ್ತವೆ. ಹಾಯಿ ಇಳಿಸಿ ಲಂಗರು ಹಾಕಿದಾಗ ಒಂಟಿ ಒಡಲಿನ ದೋಣಿ ಪಕ್ಕದಲ್ಲಿ ಹಾದುಹೋಗುವ ಪ್ರತಿಯೊಂದು ಮೋಟಾರು ದೋಣಿಯ ಅಲೆಗೂ ತೊಟ್ಟಿಲಿನಂತೆ ತೂಗುತ್ತದೆ. ಎರಡು ಒಡಲುಗಳನ್ನು ಜೋಡಿಸಿದ ಕ್ಯಾಟಮರಾನ್ ಈ ಮಾತಿಗೆ ಅಪವಾದ. ಅದು ಅಗಲವಾಗಿರುವುದರಿಂದ ಹೊಯ್ದಾಟ ಕಡಿಮೆ, ಮುಂಭಾಗದಲ್ಲಿ ಎರಡು ಒಡಲುಗಳ ನಡುವೆ ಬಿಗಿದ ಬಲೆಯ ಮೇಲೆ ಅಂಗಾತ ಮಲಗಿ ಆಕಾಶ ನೋಡಬಹುದು. ಕತ್ತು ನೋಯಿಸಿಕೊಳ್ಳದೆ ಏರ್ ಶೋ ನೋಡಲು ಇದಕ್ಕಿಂತ ಒಳ್ಳೆಯ ಆಸನವನ್ನು ನಾನು ಕಾಣೆ. ಅಂಥದ್ದು ಸಿಕ್ಕಿ, ಬಾಡಿಗೆಯೂ ಕೈಗೆಟಕಿದರೆ ಮೋಟಾರು ದೋಣಿಯನ್ನು ಬದಿಗಿಡಬಹುದು.

ಸಹೋದ್ಯೋಗಿಯೊಬ್ಬರ ಸ್ವಂತ ದೋಣಿಯಲ್ಲಿ ಹೋಗುವುದು ಎಲ್ಲಕ್ಕಿಂತ ಅಗ್ಗವಾಗಿಯೂ ಆಪ್ತವಾಗಿಯೂ ಕಾಣುತ್ತದೆ. ನಾನು ಎಲ್ಲಕ್ಕಿಂತ ಹೆಚ್ಚು ಹಿಂಜರಿಯುವುದು ಇದಕ್ಕೇ. ನೂರಾರು ದೋಣಿಗಳು ಒತ್ತಾಗಿ ನಿಂತ ನೀರಿನಲ್ಲಿ ಚುಕ್ಕಾಣಿ ಹಿಡಿದವರಿಗೆ ತಲೆಯೆತ್ತಿ ನೋಡಲು ಪುರಸತ್ತು ಸಿಗುವುದಿಲ್ಲ. ನೀರಿನ ಆಳದ ಐದರಿಂದ ಏಳು ಪಟ್ಟು ಉದ್ದದ ಹಗ್ಗವನ್ನೋ ಸರಪಳಿಯನ್ನೋ ಬಿಟ್ಟರೆ ಮಾತ್ರ ಲಂಗರು ಗಟ್ಟಿಯಾಗಿ ಹಿಡಿಯುತ್ತದೆ, ಅಷ್ಟು ಬಿಟ್ಟರೆ ಗಾಳಿ ತಿರುಗಿದಾಗ ದೋಣಿ ದೊಡ್ಡದೊಂದು ವೃತ್ತದಲ್ಲಿ ಸುತ್ತುತ್ತದೆ. ಪಕ್ಕದ ಹಾಯಿದೋಣಿ ಬೇರೊಂದು ವೇಗದಲ್ಲಿ ತಿರುಗಿ ಬಂದು ತಾಗುತ್ತದೆ. ಇದನ್ನೆಲ್ಲ ಸಂಭಾಳಿಸುವ ಹೊಣೆ ವಾರಾಂತ್ಯದಲ್ಲಷ್ಟೇ ದೋಣಿ ನಡೆಸುವ ಒಬ್ಬರ ಹೆಗಲಿಗೆ ಬೀಳುತ್ತದೆ; ಏನಾದರೂ ಕೆಟ್ಟರೆ ಸೋಮವಾರ ಅದೇ ಮುಖವನ್ನು ಕಚೇರಿಯಲ್ಲಿ ನೋಡಬೇಕು. ಇಂಧನದ ಖರ್ಚನ್ನು ಹಂಚಿಕೊಂಡರೆ ಅದು ಬಾಡಿಗೆ ಸಂಚಾರವೆನಿಸಿ ವಿಮೆಗೆ ತೊಡಕಾಗುವುದೇ ಎಂಬುದನ್ನು ಮಾಲೀಕರು ವಿಮಾ ಕಂಪನಿಯಿಂದ ಮೊದಲೇ ತಿಳಿದುಕೊಂಡಿರಬೇಕು. ಇಷ್ಟಾದ ಮೇಲೂ ಹೋಗುವುದಾದರೆ ನಾಲ್ಕೈದು ಜನ ಸಾಕು, ಅವರಲ್ಲಿ ಇನ್ನೊಬ್ಬರಿಗಾದರೂ ದೋಣಿ ನಡೆಸಲು ಬರಬೇಕು.

ಕಯಾಕ್ ಮತ್ತು ಗಾಳಿ ತುಂಬಿದ ಪುಟ್ಟ ದೋಣಿಗಳು ಈ ಕೆಲಸಕ್ಕೆ ಬಾರವು. ಮೇಲೆ ನೋಡುತ್ತಾ ಕುಳಿತವರು ದೊಡ್ಡ ದೋಣಿಯ ಚಾಲಕರ ಕಣ್ಣಿಗೆ ಬೀಳದೆ ಹೋಗಬಹುದು.

ದಂಡೆಯೇ ಮೇಲಾದಾಗ

ದೋಣಿ ಬೇಡವೆನ್ನುವುದೂ ಒಂದು ಆಯ್ಕೆಯೆಂಬುದನ್ನು ಮರೆಯಬಾರದು. 2021ರ ಸೆಪ್ಟೆಂಬರಿನಲ್ಲಿ ಶ್ರೀನಗರದ ದಾಲ್ ಸರೋವರದ ಮೇಲೆ, 2023ರ ಸೆಪ್ಟೆಂಬರ್ 30ರಂದು ಭೋಪಾಲಿನ ಭೋಜತಾಲದ ಮೇಲೆ ಭಾರತೀಯ ವಾಯುಪಡೆ ಪ್ರದರ್ಶನ ನೀಡಿದಾಗ ಜನಸ್ತೋಮ ನೆರೆದದ್ದು ದಡದಲ್ಲಿ. ದಂಡೆಯಲ್ಲಿ ನೋಟ ನೇರ, ವಿವರಣೆ ಕೇಳಿಸುತ್ತದೆ, ಬೇಸರವಾದವರು ಎದ್ದು ಹೋಗಬಹುದು. ಆದರೆ ಎದ್ದು ಹೋಗಲು ದಾರಿಯಿದ್ದರೆ ತಾನೆ? 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ಕಡಲತೀರದ ಪ್ರದರ್ಶನಕ್ಕೆ ಲಕ್ಷಾಂತರ ಜನ ಸೇರಿ, ಬಿಸಿಲಿನ ಝಳ ಮತ್ತು ದಟ್ಟಣೆಯ ನಡುವೆ ಐವರು ಪ್ರಾಣ ಕಳೆದುಕೊಂಡರು. ನೆರಳು, ನೀರು, ಹೊರದಾರಿ ಮೂರೂ ಇರುವ ದಂಡೆಯಾದರೆ ನಾನು ದೋಣಿಗಿಂತ ದಂಡೆಯನ್ನೇ ಶಿಫಾರಸು ಮಾಡುತ್ತೇನೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ತಕ್ಕಡಿ ದೋಣಿಯ ಕಡೆಗೆ ವಾಲತೊಡಗುತ್ತದೆ.

ಗುಂಪು ಸಹೋದ್ಯೋಗಿಗಳದ್ದು ಎಂಬುದರ ಅರ್ಥ

ಗೆಳೆಯರ ಗುಂಪಿನಲ್ಲಿ ಬೇಡವೆನ್ನುವುದು ಸುಲಭ, ಕಚೇರಿಯ ಗುಂಪಿನಲ್ಲಿ ಅಷ್ಟು ಸುಲಭವಲ್ಲ. ನೀರೆಂದರೆ ಹೆದರುವ ಹೊಸಬರೊಬ್ಬರು ಮೇಲಧಿಕಾರಿ ಉತ್ಸಾಹದಿಂದ ಕರೆದಾಗ ತಲೆಯಾಡಿಸಿ, ಆ ದಿನ ಕಟಾಂಜನವನ್ನು ಬಿಗಿಯಾಗಿ ಹಿಡಿದು ಕೂರುತ್ತಾರೆ. ಈಜು ಬರುತ್ತದೆಯೇ, ಹೊಯ್ದಾಟಕ್ಕೆ ವಾಕರಿಕೆ ಬರುತ್ತದೆಯೇ, ಭಾರೀ ಸದ್ದು ತಡೆಯುತ್ತದೆಯೇ, ಗರ್ಭಿಣಿಯರೋ ಬೆನ್ನುನೋವಿನವರೋ ಇದ್ದಾರೆಯೇ ಎಂಬುದನ್ನು ಎಲ್ಲರೆದುರು ಕೈಯೆತ್ತಿಸಿ ಕೇಳದೆ, ಒಬ್ಬೊಬ್ಬರಿಗೂ ಬೇರೆಯಾಗಿ ಬರೆದು ತಿಳಿಸಲು ಅವಕಾಶ ಕೊಡಬೇಕು. ಪ್ರದರ್ಶನ ಶುರುವಾದ ಮೇಲೆ ಗಸ್ತಿನವರು ದೋಣಿಗಳ ಓಡಾಟವನ್ನು ನಿರ್ಬಂಧಿಸುವುದರಿಂದ ಮೂರು ನಾಲ್ಕು ಗಂಟೆ ಯಾರೂ ಇಳಿಯಲಾರರು. ಶೌಚಾಲಯವಿಲ್ಲದ ದೋಣಿಯನ್ನು ಈ ಒಂದೇ ಕಾರಣಕ್ಕೆ ಪಟ್ಟಿಯಿಂದ ತೆಗೆದುಹಾಕಬಹುದು. ಮದ್ಯದ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ನಿಲುವು: ದಡ ಮುಟ್ಟುವವರೆಗೆ ಬೇಡ.

ಒಳ್ಳೆಯ ಉಪಾಯವೊಂದಿದೆ. ಅನೇಕ ಪ್ರದರ್ಶನಗಳಿಗೆ ಹಿಂದಿನ ದಿನವೋ ಅದರ ಹಿಂದಿನ ದಿನವೋ ಪೂರ್ಣ ತಾಲೀಮು ಇರುತ್ತದೆ, ಅದು ಸಾಮಾನ್ಯವಾಗಿ ಕೆಲಸದ ದಿನವೇ ಆಗಿರುತ್ತದೆ. ವಿಮಾನಗಳು ಅವೇ, ಕಸರತ್ತುಗಳೂ ಬಹುಮಟ್ಟಿಗೆ ಅವೇ. ದೋಣಿಗಳ ಸಂದಣಿ ಮಾತ್ರ ಎಷ್ಟೋ ಪಾಲು ಕಡಿಮೆ. ಕುಟುಂಬದ ವಾರಾಂತ್ಯವನ್ನು ಕಸಿಯದೆ ಕಚೇರಿಯ ಸಮಯದಲ್ಲೇ ಹೋಗಿಬರಬಹುದಾದ್ದರಿಂದ ಸಹೋದ್ಯೋಗಿಗಳ ಗುಂಪಿಗೆ ಇದಕ್ಕಿಂತ ಒಪ್ಪುವ ದಿನ ಇನ್ನೊಂದಿಲ್ಲ. ತಾಲೀಮಿನ ನಡುವೆ ಒಂದು ಕಸರತ್ತನ್ನು ಬಿಡಬಹುದು, ಇನ್ನೊಂದನ್ನು ಮತ್ತೆ ಮಾಡಬಹುದು. ಕುತೂಹಲಿಗಳಿಗೆ ಅದೂ ಒಂದು ಲಾಭವೇ.

ಎರಡು ಹವಾಮಾನಗಳ ಒಪ್ಪಿಗೆ

ದಂಡೆಯವರಿಗೆ ಆಕಾಶವೊಂದು ಒಲಿದರೆ ಸಾಕು, ದೋಣಿಯವರಿಗೆ ನೀರೂ ಒಲಿಯಬೇಕು. ಮೋಡ ಕೆಳಗಿಳಿದಾಗ ತಂಡಗಳು ಹಾರಾಟವನ್ನು ಒಮ್ಮೆಲೇ ರದ್ದು ಮಾಡದೆ, ಎತ್ತರದ ಸುತ್ತುಗಳನ್ನು ಬಿಟ್ಟು ಚಪ್ಪಟೆಯಾದ ತಿರುವುಗಳಿರುವ ಬದಲಿ ಪ್ರದರ್ಶನವನ್ನು ಮಾಡುತ್ತವೆ. ಅಂಥ ದಿನ ನೀರು ಶಾಂತವಾಗಿದ್ದರೆ ದೋಣಿಯವರಿಗೆ ನಷ್ಟವೇನೂ ಆಗದು, ಏಕೆಂದರೆ ಕೆಳಮಟ್ಟದ ಹಾರಾಟ ನೀರಿನ ಮೇಲಿನಿಂದ ಇನ್ನೂ ಚೆನ್ನಾಗಿ ಕಾಣುತ್ತದೆ. ಆದರೆ ಬಾನು ತಿಳಿಯಾಗಿದ್ದು ಗಾಳಿ ಜೋರಾಗಿದ್ದರೆ ವಿಮಾನಗಳು ಹಾರುತ್ತವೆ, ದೋಣಿ ಹೊರಡುವುದಿಲ್ಲ. ಬಾಡಿಗೆಯ ಕರಾರಿನಲ್ಲಿ ಈ ಎರಡು ಸಂದರ್ಭಗಳನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು: ಪ್ರದರ್ಶನ ರದ್ದಾದರೆ ಹಣವೆಷ್ಟು ವಾಪಸು, ದೋಣಿ ಹೊರಡದಿದ್ದರೆ ಎಷ್ಟು. ಹೊರಡುವ ತೀರ್ಮಾನ ಚಾಲಕರದ್ದೇ ಆಗಿರಬೇಕು, ಹಣ ಕೊಟ್ಟ ಕಂಪನಿಯದ್ದಾಗಬಾರದು.

ಒಯ್ಯುವ ಸಾಮಾನಿನಲ್ಲಿ ಬೈನಾಕ್ಯುಲರ್ ಬಗ್ಗೆ ಮಾತ್ರ ಒಂದು ಮಾತು. ಹತ್ತು ಪಟ್ಟು ಹಿಗ್ಗಿಸುವ ಗಾಜು ನೆಲದ ಮೇಲೆ ಚೆನ್ನ, ತೂಗುವ ದೋಣಿಯಲ್ಲಿ ಅದು ಕೈನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. ನಾವಿಕರು ಹಿಂದಿನಿಂದಲೂ ಏಳು ಪಟ್ಟು ಮಾತ್ರ ಹಿಗ್ಗಿಸುವ 7x50 ಬಳಸುವುದು ಅದಕ್ಕೇ. ಬಹಳ ಹೊತ್ತು ಅದರಲ್ಲೇ ಕಣ್ಣಿಟ್ಟರೆ ವಾಕರಿಕೆ ಬೇಗ ಶುರುವಾಗುತ್ತದೆ. ವಾಕರಿಕೆಯ ಮಾತ್ರೆಯನ್ನು ವೈದ್ಯರನ್ನು ಕೇಳಿ, ದೋಣಿ ಹತ್ತುವ ಮೊದಲೇ ನುಂಗಬೇಕು. ಹೊಟ್ಟೆ ತೊಳಸತೊಡಗಿದ ಮೇಲೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಕಿವಿಗೆ ಇಯರ್‌ಪ್ಲಗ್, ಎಲ್ಲರ ಅಳತೆಗೂ ಲೈಫ್ ಜಾಕೆಟ್, ತುರ್ತು ಕರೆಗೆ ಮೀಸಲಾದ 16ನೇ ಚಾನೆಲ್ ಹಿಡಿಯುವ, ದೋಣಿಗಳವರು ಮಾತಾಡಲು ಬಳಸುವ ವಿಎಚ್‌ಎಫ್ ರೇಡಿಯೊ ಇವೆಯೇ ಎಂಬುದನ್ನು ಕಟ್ಟೆಯಲ್ಲಿರುವಾಗಲೇ ನೋಡಿಕೊಳ್ಳಬೇಕು.

ಜನ ಗಮನಿಸದ ಕಷ್ಟದ ಹೊತ್ತೆಂದರೆ ಮರಳುವ ಹೊತ್ತು. ಕೊನೆಯ ವಿಮಾನ ಮರೆಯಾದ ಕೂಡಲೇ ನೂರಾರು ದೋಣಿಗಳು ಒಟ್ಟಿಗೆ ಲಂಗರೆತ್ತಿ ಒಂದೇ ಬಂದರಿನ ಬಾಯಿಗೆ ನುಗ್ಗುತ್ತವೆ, ಎಲ್ಲ ದಿಕ್ಕಿನಿಂದಲೂ ಬಂದ ಅಲೆಗಳು ಅಡ್ಡಾದಿಡ್ಡಿಯಾಗಿ ಹೊಡೆದು ಇಡೀ ಮಧ್ಯಾಹ್ನ ಶಾಂತವಾಗಿದ್ದ ನೀರು ಕುದಿಯತೊಡಗುತ್ತದೆ. ಬಾಡಿಗೆ ಗೊತ್ತುಮಾಡುವಾಗಲೇ ಒಂದು ಗಂಟೆ ಹೆಚ್ಚಿಗೆ ಸೇರಿಸಿಕೊಂಡು, ಸಂದಣಿ ಕರಗುವವರೆಗೆ ಲಂಗರಿನಲ್ಲೇ ನಿಲ್ಲುವಂತೆ ಚಾಲಕರಿಗೆ ತಿಳಿಸುವುದು ಒಳಿತು. ಕತ್ತಲಾಗುವಂತಿದ್ದರೆ ದೋಣಿಯ ದೀಪಗಳು ಉರಿಯುತ್ತವೆಯೇ ಎಂದು ಹೊರಡುವ ಮೊದಲೇ ಹಚ್ಚಿಸಿ ನೋಡಬೇಕು. ಆ ಒಂದು ಗಂಟೆಯಲ್ಲಿ ಎಲ್ಲರೂ ಕುಳಿತೇ ಇರಬೇಕು. ಹೊರಟ ಮೇಲೂ ಕಟ್ಟೆಗೆ ಹಗ್ಗ ಬಿಗಿಯುವವರೆಗೆ ಯಾರೂ ಏಳಬಾರದು.